ದೋಣಿಯಲ್ಲ ಸ್ವಾಮೀ, ಅದು ಕಾರು!

ಅಮೆರಿಕದಲ್ಲಿರೋ ನಮ್ಮ ಕನ್ನಡದ ಜನಕ್ಕೆ ಒಂದು ವಿಚಿತ್ರವಾದ ಲೆಕ್ಕಾಚಾರ ಇದೆ. ಎರಡೋ ಮೂರೋ ಸಾವಿರ ಡಾಲರ್ ಕೊಟ್ಟು ಒಂದು ಹಳೇ ಗ್ರ್ಯಾಂಡ್ ಮಾರ್ಕೀ ಅಥವಾ ಕ್ರೌನ್ ವಿಕ್ಟೋರಿಯಾ ತಗೋತಾರೆ. ಕ್ಯಾಲೆಂಡರ್ ನೋಡಿಕೊಂಡು ಆಯಿಲ್ ಬದಲಾಯಿಸ್ತಾರೆ. ಆಯುಧಪೂಜೆ ದಿನ ತೊಳೆದು, ಕುಂಕುಮ ಹಚ್ಚಿ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತಾರೆ. ಆದರೆ ಅದೇ ನಾಲ್ಕು ಚಕ್ರಗಳ ಹಿಂದೆ ಅಡಗಿ ಕೂತಿರೋ ನಾಲ್ಕು ಶಾಕ್ ಅಬ್ಸಾರ್ಬರ್‌ಗಳ ಮಾತೆತ್ತಿ ನೋಡಿ... "ಕಾರಿನ ಬೆಲೆಯೇ ಎರಡು ಸಾವಿರ, ಅದರ ಶಾಕಿಗೆ ಐನೂರು ಯಾರು ಸುರೀತಾರೆ ಮಾರಾಯ್ರೇ? ಹಳೇ ದೊಡ್ಡ ಕಾರು ಅಂದ್ರೆ ದೋಣಿ ಥರಾನೇ ತೇಲೋದು, ಅದರ ಗುಣವೇ ಅದು."

ಈ ಮಾತು ಇಷ್ಟು ವರ್ಷದಿಂದ ಕೇಳಿ ಕೇಳಿ ಸಾಕಾಗಿದೆ. ಇದರಲ್ಲಿ ಎರಡು ವಾಕ್ಯ ಇವೆ, ಎರಡೂ ತಪ್ಪು.

ಮೊದಲು ಈ ದೋಣಿಯ ವಿಷಯ. ಫೋರ್ಡ್‌ನವರು 1979ರ ಮಾಡೆಲ್‌ನಿಂದ ಶುರು ಮಾಡಿ 2011ರ ತನಕ ಪ್ಯಾಂಥರ್ ಅನ್ನೋ ಒಂದೇ ಬುನಾದಿಯ ಮೇಲೆ ಕ್ರೌನ್ ವಿಕ್ಟೋರಿಯಾ, ಮರ್ಕ್ಯುರಿ ಗ್ರ್ಯಾಂಡ್ ಮಾರ್ಕೀ, ಲಿಂಕನ್ ಟೌನ್ ಕಾರ್ ಎಲ್ಲ ಕಟ್ಟಿದರು. ಕೊನೆಯ ಕಾರು 2011ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಹೊರಬಿತ್ತು. ಅಂದರೆ ಇವತ್ತು ರಸ್ತೆ ಮೇಲೆ ಓಡ್ತಿರೋ ಇಂಥ ಕಾರುಗಳಲ್ಲಿ ಅತಿ ಕಿರಿಯದಕ್ಕೂ ಹತ್ತು ವರ್ಷ ದಾಟಿ ಬಹಳ ಕಾಲ ಆಯಿತು. ತೂಕ ಸುಮಾರು 1800 ಕೆಜಿ, ಉದ್ದ ನಮ್ಮೂರ ಅಂಬಾಸಿಡರ್‌ಗಿಂತ ಒಂದು ಮೀಟರಿಗೂ ಜಾಸ್ತಿ. ಇದೇ ಕಾರಿನಲ್ಲಿ ಅಮೆರಿಕದ ಪೊಲೀಸರು ದಶಕಗಟ್ಟಲೆ ಕಳ್ಳರನ್ನ ಅಟ್ಟಿಸಿಕೊಂಡು ಹೋದರು. ದೋಣಿಯಲ್ಲಿ ಕೂತು ಕಳ್ಳರನ್ನ ಹಿಡಿಯೋಕಾಗತ್ತಾ? ಪೊಲೀಸ್ ಕಾರಿನ ಸಸ್ಪೆನ್ಶನ್ ಒಂದಿಷ್ಟು ಬಿಗಿ, ನಿಜ. ಆದರೆ ಮೂಳೆ ಎರಡಕ್ಕೂ ಒಂದೇ. ನಿಮ್ಮ ಕಾರು ತೇಲ್ತಾ ಇದ್ದರೆ ಅದು ಜಾತಿಗುಣ ಅಲ್ಲ, ಕಾಯಿಲೆ.

ಈ ಗೊಂದಲಕ್ಕೆಲ್ಲ ಹೆಸರೇ ಕಾರಣ ಅಂತ ನನ್ನ ವಾದ. "ಶಾಕ್ ಅಬ್ಸಾರ್ಬರ್" ಅನ್ನೋದು ಶುದ್ಧ ಸುಳ್ಳು ಹೆಸರು. ಗುಂಡಿಯ ಏಟನ್ನ ನುಂಗೋದು ಸ್ಪ್ರಿಂಗು ಮತ್ತು ಟೈರು. ಸ್ಪ್ರಿಂಗಿಗೆ ಒಂದೇ ಚಟ, ನುಂಗಿದ್ದನ್ನ ವಾಪಸ್ ಕೊಡೋದು. ಒತ್ತಿದರೆ ಚಿಮ್ಮತ್ತೆ, ಚಿಮ್ಮಿ ಮತ್ತೆ ಕುಸಿಯತ್ತೆ, ಮತ್ತೆ ಚಿಮ್ಮತ್ತೆ. ನಾಗರಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ಒಮ್ಮೆ ಜೋರಾಗಿ ನೂಕಿ ಬಿಟ್ಟರೆ ಅದು ತಾನಾಗಿ ನಿಲ್ಲೋಕೆ ಎಷ್ಟು ಹೊತ್ತು ಬೇಕು? ಯಾರಾದ್ರೂ ಹಗ್ಗ ಹಿಡಿದರೆ ತಕ್ಷಣ ನಿಲ್ಲತ್ತೆ. ಆ ಹಗ್ಗ ಹಿಡಿಯೋ ಕೈಯೇ ನಮ್ಮ ಈ ಶಾಕು. ಬ್ರಿಟಿಷರು ಇದಕ್ಕೆ ಡ್ಯಾಂಪರ್ ಅಂತ ಸರಿಯಾದ ಹೆಸರಿಟ್ಟಿದ್ದಾರೆ. ನಾವು ಕನ್ನಡಕ್ಕೆ ತರೋವಾಗಲೂ ಅಮೆರಿಕನ್ನರ ತಪ್ಪನ್ನೇ ಭಟ್ಟಿ ಇಳಿಸಿ "ಆಘಾತಹೀರಕ" ಅಂತ ಮಾಡೋದು ಬೇಡ ಅಂತ ನನ್ನ ಕೋರಿಕೆ. "ತೂಗುತಡೆ" ಅನ್ನಬಹುದೇನೋ. ಪದ ಟಂಕಿಸೋ ಪಂಡಿತರು ನಮ್ಮ ಬ್ಲಾಗಿಗರಲ್ಲಿ ಬೇಕಾದಷ್ಟು ಜನ ಇದ್ದೀರಿ, ಇದಕ್ಕಿಂತ ಒಳ್ಳೇದು ಹೊಳೆದರೆ ತಿಳಿಸಿ.

ಒಳಗೆ ಏನಿದೆ ಅಂದ್ರೆ, ಒಂದು ಕೊಳವೆ ತುಂಬ ಎಣ್ಣೆ, ಅದರೊಳಗೆ ಸಣ್ಣ ಸಣ್ಣ ತೂತು, ಕವಾಟ ಇರೋ ಒಂದು ಪಿಸ್ಟನ್ನು. ಆಫೀಸಿನ ಬಾಗಿಲು ದಡ್ ಅಂತ ಬಡಿಯದ ಹಾಗೆ ಮೆಲ್ಲಗೆ ಮುಚ್ಚೋ ಡೋರ್ ಕ್ಲೋಸರ್ ನೋಡಿದ್ದೀರಲ್ಲ, ಅದೇ ತತ್ವ. ಎಣ್ಣೆ ಆ ಸಣ್ಣ ದಾರಿಯಲ್ಲಿ ನುಸುಳಬೇಕಾದ್ರೆ ಒದ್ದಾಡತ್ತೆ, ಕುಣಿತದ ಶಕ್ತಿಯೆಲ್ಲ ಶಾಖ ಆಗತ್ತೆ. ಹದಗೆಟ್ಟ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಬಂದು ಶಾಕಿನ ಮೈ ಮುಟ್ಟಿ ನೋಡಿ (ಹುಷಾರಾಗಿ!), ಬೆಚ್ಚಗಿರತ್ತೆ. ನಾಲ್ಕರಲ್ಲಿ ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡ್ತಿಲ್ಲ ಅಂತ ಅನುಮಾನ ಪಡಬಹುದು. ವರ್ಷಗಳು ಕಳೆದ ಹಾಗೆ ಸೀಲು ಸವೆದು ಎಣ್ಣೆ ಜಿನುಗತ್ತೆ, ತುಂಬಿಸಿದ ನೈಟ್ರೋಜನ್ ಸೋರಿ ಹೋಗತ್ತೆ, ಕವಾಟ ಸಡಿಲ ಆಗತ್ತೆ. ಇದೆಲ್ಲ ಆಗೋದು ಎಷ್ಟು ನಿಧಾನ ಅಂದ್ರೆ ದಿನಾ ಓಡಿಸೋನಿಗೆ ಗೊತ್ತೇ ಆಗಲ್ಲ. ಕಾರು ಕೆಡ್ತಾ ಹೋದ ಹಾಗೆ ಅವನ ಕೈಕಾಲು ಅದಕ್ಕೆ ಒಗ್ಗಿಕೊಳ್ತಾ ಹೋಗತ್ತೆ. ಊರಿಂದ ಬಂದ ಅಪ್ಪ ಅಮ್ಮ ಹಿಂದಿನ ಸೀಟಲ್ಲಿ ಕೂತು "ಆಹಾ, ತೊಟ್ಟಿಲಲ್ಲಿ ಮಲಗಿಸಿದ ಹಾಗಿದೆಯಪ್ಪಾ" ಅಂತ ಹೊಗಳಿದರಂತೂ ಮುಗೀತು. ಸತ್ತ ಶಾಕಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ!

ಈಗ ಸ್ವಲ್ಪ ಗಣಿತ ಮಾಡೋಣ. ಇಂಥ ಮೆತ್ತನೆ ಸ್ಪ್ರಿಂಗಿನ ದೊಡ್ಡ ಕಾರಿನ ಮೈ ಹೆಚ್ಚು ಕಮ್ಮಿ ಸೆಕೆಂಡಿಗೆ ಒಂದು ಸಲ ಮೇಲೆ ಕೆಳಗೆ ತೂಗತ್ತೆ. 65 ಮೈಲಿ ವೇಗ ಅಂದ್ರೆ ಸೆಕೆಂಡಿಗೆ ಸುಮಾರು 95 ಅಡಿ. ಹೈವೇ ಮೇಲೆ ಒಂದು ಸೇತುವೆಯ ಜಾಯಿಂಟ್ ದಾಟಿದಿರಿ, ಒಳ್ಳೆ ಶಾಕು ಇದ್ರೆ ಒಂದೇ ತೂಗಿಗೆ ಕಾರು ಸುಮ್ಮನಾಗತ್ತೆ. ಸತ್ತ ಶಾಕು ಇದ್ದು ಮೂರು ಸಲ ತೂಗಿತು ಅಂದುಕೊಳ್ಳಿ, ಅಷ್ಟರಲ್ಲಿ ನೀವು 285 ಅಡಿ ಮುಂದೆ ಹೋಗಿದ್ದೀರಿ, ಹತ್ತಿರ ಹತ್ತಿರ ಒಂದು ಅಮೆರಿಕನ್ ಫುಟ್‌ಬಾಲ್ ಮೈದಾನ. ಆ ದೂರದ ಉದ್ದಕ್ಕೂ ಟೈರುಗಳ ಮೇಲಿನ ಭಾರ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗ್ತಾನೇ ಇರತ್ತೆ. ಟೈರಿನ ಹಿಡಿತ ನಿಂತಿರೋದೇ ಆ ಭಾರದ ಮೇಲೆ. ಭಾರ ಕಡಿಮೆ ಆದ ಕ್ಷಣದಲ್ಲೇ ಮುಂದಿನ ಲಾರಿಯವನು ಬ್ರೇಕ್ ಒತ್ತಿದರೆ?

ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ಇನ್ನೊಂದು ಕುಣಿತ. ಕಾರಿನ ಮೈ ಬಿಟ್ಟು ಬರೀ ಚಕ್ರ ಮತ್ತು ಆಕ್ಸಲ್ ತಮ್ಮಷ್ಟಕ್ಕೆ ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿ ಕುಣಿಯತ್ತೆ. ಈ ಕಾರುಗಳ ಹಿಂದಿನ ಆಕ್ಸಲ್ ಒಂದೇ ತುಂಡಿನ ಭಾರವಾದ ಕಬ್ಬಿಣ, ಕುಣಿಯೋಕೆ ಶುರು ಮಾಡಿದರೆ ಕೇಳೋದೇ ಬೇಡ. ಟೈರು ರಸ್ತೆಗೆ ಅಂಟಿಕೊಂಡು ಉರುಳೋ ಬದಲು ಚಪ್ಪಾಳೆ ತಟ್ಟುತ್ತಾ ಹೋಗತ್ತೆ. ಹಾಗೆ ಮೇಲೆದ್ದ ಚಕ್ರಕ್ಕೆ ಬ್ರೇಕ್ ಬಿದ್ದರೆ ಅದು ಗಾಳಿಯಲ್ಲೇ ಗಕ್ಕಂತ ನಿಲ್ಲತ್ತೆ. ಎಬಿಎಸ್ ಇದ್ದರೆ "ಓಹೋ ಚಕ್ರ ಜಾರ್ತಿದೆ" ಅಂದುಕೊಂಡು ಬ್ರೇಕ್ ಸಡಿಲಿಸತ್ತೆ. ನಿಲ್ಲಬೇಕಾದ ಕಾರು ಮುಂದಕ್ಕೆ ಹೋಗತ್ತೆ. ಟೈರಿನ ಮೈಯಲ್ಲಿ ಬಟ್ಟಲು ಬಟ್ಟಲಾಗಿ ಸವೆದ ಗುರುತು ಕಂಡಿದ್ದರೆ ಈ ಚಪ್ಪಾಳೆಯನ್ನ ನೆನಪಿಸಿಕೊಳ್ಳಿ. "ಟೈರ್ ಕಂಪನಿ ಮೋಸ" ಅಂತ ಬೈದು ಹೊಸ ಟೈರ್ ಹಾಕಿಸ್ತಾರೆ ನಮ್ಮ ಜನ, ಅದೇ ಸತ್ತ ಶಾಕಿನ ಮೇಲೆ!

ಹೀಗಿರೋವಾಗ ಬಂಪರ್ ಒತ್ತಿ ಬಿಟ್ಟು "ನೋಡಿ, ಎರಡೇ ಸಲ ಕುಣೀತು, ಚೆನ್ನಾಗೇ ಇದೆ" ಅನ್ನೋ ಪರೀಕ್ಷೆ ಇದೆಯಲ್ಲ, ಅದು ಪೂರ್ತಿ ಸತ್ತಿದ್ದನ್ನ ಮಾತ್ರ ಹಿಡಿಯತ್ತೆ. ನಿಂತ ಕಾರನ್ನ ಕೈಯಲ್ಲಿ ಮೆಲ್ಲಗೆ ಒತ್ತಿದರೆ ಹಳೇ ಬುಷ್‌ಗಳ ತಿಕ್ಕಾಟವೇ ಅದನ್ನ ನಿಲ್ಲಿಸಬಹುದು. ಚಕ್ರದ ಕುಣಿತ ಅದರಲ್ಲಿ ಎಲ್ಲಿ ಕಾಣತ್ತೆ? ಬಂಪರ್ ಪರೀಕ್ಷೆಯಲ್ಲಿ ಫೇಲಾದ ಕಾರು ಖಂಡಿತ ಫೇಲು, ಪಾಸಾದದ್ದು ಪಾಸು ಅಂತ ಏನಿಲ್ಲ.

ಹಾಗಂತ ಗ್ಯಾರೇಜಿನವರನ್ನ ನಂಬಿ ಅಂತ ನಾನು ಹೇಳ್ತಿಲ್ಲ. ಶಾಕ್ ಅಂದ ಕೂಡಲೇ ಜನ "ಮೋಸ" ಅಂತ ಹಿಂದೆ ಸರಿಯೋದಕ್ಕೆ ಇತಿಹಾಸ ಇದೆ. 1992ರಲ್ಲಿ ಕ್ಯಾಲಿಫೋರ್ನಿಯಾದ ಗ್ರಾಹಕ ವ್ಯವಹಾರಗಳ ಇಲಾಖೆ ಮಾರುವೇಷದ ತನಿಖೆ ಮಾಡಿ, ಸಿಯರ್ಸ್‌ನ ಆಟೋ ಸೆಂಟರ್‌ಗಳು ಬೇಡದ ರಿಪೇರಿ ಮಾರುತ್ತಿವೆ ಅಂತ ಆರೋಪ ಹೊರಿಸಿತು. ಸಿಬ್ಬಂದಿಗೆ ಇಷ್ಟು ಶಾಕ್, ಇಷ್ಟು ಸ್ಪ್ರಿಂಗ್ ಮಾರಲೇಬೇಕು ಅನ್ನೋ ಕೋಟಾ ಇತ್ತು ಅನ್ನೋದು ದೊಡ್ಡ ಸುದ್ದಿಯಾಯಿತು, ಕಂಪನಿ ಆ ಪದ್ಧತಿಯನ್ನ ಕೈಬಿಡಬೇಕಾಯಿತು. ಇವತ್ತಿಗೂ 50 ಸಾವಿರ ಮೈಲಿ ಆಯ್ತು ಅಂದ ತಕ್ಷಣ ಕಾರಿನ ಕೆಳಗೆ ಬಗ್ಗಿ ಕೂಡ ನೋಡದೆ "ನಾಲ್ಕೂ ಬದಲಾಯಿಸಬೇಕು ಸಾರ್" ಅನ್ನೋರು ಇದ್ದಾರೆ. ಅವರ ಮೇಲೆ ಸಿಟ್ಟು ಬರಬೇಕಾದ್ದೇ. ಆದರೆ ಕಳ್ಳ ವೈದ್ಯ ಇದ್ದಾನೆ ಅಂತ ಕಾಯಿಲೆ ಇಲ್ಲದೆ ಹೋಗತ್ತಾ? ಮೈಲಿ ನೋಡಬೇಡಿ, ಶಾಕನ್ನ ನೋಡಿ. ಮೈಮೇಲೆ ಎಣ್ಣೆ ಇಳಿದ ಕಲೆ, ಬಟ್ಟಲು ಬಿದ್ದ ಟೈರು, ಬ್ರೇಕ್ ಒತ್ತಿದಾಗ ಮೂತಿ ನೆಲಕ್ಕೆ ಬಗ್ಗೋದು, ತಿರುವಿನಲ್ಲಿ ಗುಂಡಿ ಬಂದರೆ ಹಿಂಭಾಗ ಪಕ್ಕಕ್ಕೆ ಹಾರೋದು. ಇವು ಯಾರೂ ಮಾರೋಕೆ ಹುಟ್ಟಿಸಿದ ಲಕ್ಷಣಗಳಲ್ಲ.

ಇನ್ನು ಎರಡನೇ ವಾಕ್ಯ, "ಐನೂರು ಯಾರು ಸುರೀತಾರೆ" ಅನ್ನೋದು. ಐನೂರು ಯಾಕೆ ಸುರೀಬೇಕು? ನಾಲ್ಕು ಒಳ್ಳೇ ಶಾಕಿಗೆ ಇನ್ನೂರು ಮುನ್ನೂರು ಡಾಲರ್ ಒಳಗೇ ಆಗತ್ತೆ, ಉಳಿದದ್ದು ಕೂಲಿ. 2002ರವರೆಗಿನ ಮಾಡೆಲ್ ಆದರೆ ಆ ಕೂಲಿಯನ್ನೂ ಉಳಿಸಬಹುದು. ಮುಂದಿನ ಶಾಕು ಸ್ಪ್ರಿಂಗಿನ ನಡುವೆ ತೂರಿಕೊಂಡಿರತ್ತೆ. ಮೇಲೆ ಒಂದು ನಟ್ಟು, ಕೆಳಗೆ ಎರಡು ಬೋಲ್ಟು, ಅಷ್ಟೇ. ಸ್ಪ್ರಿಂಗ್ ಮುಟ್ಟೋ ಹಾಗೇ ಇಲ್ಲ. ಮಿಶಿಗನ್ ಕಡೆಯ ಉಪ್ಪು ತಿಂದ ಕಾರಾದರೆ ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸೋ ಎಣ್ಣೆ ಹೊಡೆದು ಮಲಗಿ. ಮೇಲಿನ ನಟ್ಟು ತಿರುಗಿಸಿದರೆ ಅದರ ಕಂಬಿಯೂ ಜೊತೆಗೇ ತಿರುಗಿ ಅಣಕಿಸತ್ತೆ, ತುದಿಯನ್ನ ಇನ್ನೊಂದು ಸ್ಪಾನರಿನಲ್ಲಿ ಹಿಡೀಬೇಕು. ಹೊಸ ಶಾಕಿಗೆ ಕಟ್ಟಿರೋ ಪಟ್ಟಿ ಕತ್ತರಿಸೋ ಮುಂಚೆ ಯೋಚಿಸಿ, ಗ್ಯಾಸ್ ತುಂಬಿದ್ದು ತಾನಾಗೇ ಉದ್ದಕ್ಕೆ ಚಾಚಿಕೊಳ್ಳತ್ತೆ, ಮತ್ತೆ ಒತ್ತಿ ಸೇರಿಸೋದು ಒಬ್ಬನ ಕೈಲಿ ಕಷ್ಟ. ಮೇಲಿನ ರಬ್ಬರ್ ವಾಷರ್ ಸ್ವಲ್ಪ ಉಬ್ಬೋ ತನಕ ಬಿಗಿ ಮಾಡಿದರೆ ಸಾಕು, ಅಪ್ಪಚ್ಚಿ ಮಾಡಬೇಡಿ.

ಎರಡು ಕಡೆ ಮಾತ್ರ ಹುಡುಗಾಟ ಬೇಡ. 2003ರಲ್ಲಿ ಫೋರ್ಡ್ ಮುಂದಿನ ಸಸ್ಪೆನ್ಶನ್ ಪೂರ್ತಿ ಬದಲಾಯಿಸಿತು. ಅಲ್ಲಿಂದ ಮುಂದಿನ ಮಾಡೆಲ್‌ಗಳಲ್ಲಿ ಸ್ಪ್ರಿಂಗು ಶಾಕಿನ ಮೈಗೇ ಸುತ್ತಿಕೊಂಡಿದೆ. ಸ್ಪ್ರಿಂಗನ್ನ ಯಂತ್ರದಲ್ಲಿ ಅದುಮಿ ಹಿಡಿಯದೆ ಅದರ ನಡುವಿನ ನಟ್ಟು ಬಿಚ್ಚಿದರೆ ಅದು ಬಾಂಬು. ಆ ಕೆಲಸಕ್ಕೆ ಕೂಲಿ ಕೊಡಿ, ಕೊಟ್ಟಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಇನ್ನೊಂದು, ಹಿಂದಿನ ಶಾಕು ಬಿಚ್ಚೋವಾಗ ಆಕ್ಸಲ್‌ಗೆ ಕೆಳಗಿಂದ ಆಸರೆ ಇರಲೇಬೇಕು. ಆಕ್ಸಲ್ ಎಲ್ಲಿವರೆಗೆ ಜೋತು ಬೀಳಬಹುದು ಅನ್ನೋದನ್ನ ಹಿಡಿದಿಟ್ಟಿರೋದೇ ಆ ಶಾಕು. ಟೌನ್ ಕಾರಿನಲ್ಲೂ ಕೆಲವು ಮಾರ್ಕೀಗಳಲ್ಲೂ ಹಿಂದೆ ಗಾಳಿ ಸ್ಪ್ರಿಂಗ್ ಇರತ್ತೆ. ಅದರ ಸ್ವಿಚ್ಚು ಡಿಕ್ಕಿಯೊಳಗಿದೆ, ಜಾಕ್ ಎತ್ತೋ ಮುಂಚೆ ಆರಿಸಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ನುಸುಳೋ ಧೀರರಿಗೆ ನಾನು ಹೇಳೋದೇನಿಲ್ಲ.

ಕೆಲವರು ಬದಲಾಯಿಸಿದ ಮೇಲೂ ಗೊಣಗ್ತಾರೆ. "ಹೊಸ ಶಾಕ್ ಹಾಕಿದ್ರೂ ಹಿಂಭಾಗ ಕುಸಿದೇ ಇದೆ." ಸ್ವಾಮೀ, ಕಾರನ್ನ ಎತ್ತಿ ಹಿಡಿಯೋದು ಸ್ಪ್ರಿಂಗು, ಶಾಕಲ್ಲ. "ಟಕ್ ಟಕ್ ಶಬ್ದ ಹೋಗಲಿಲ್ಲ." ಬಾಲ್ ಜಾಯಿಂಟೋ, ಅಡ್ಡಕಂಬಿಯ ಲಿಂಕೋ ಸವೆದಿರಬೇಕು, ಅದನ್ನ ನೋಡಿ. "ಎಡಗಡೆದು ಮಾತ್ರ ಸೋರ್ತಿತ್ತು, ಅದೊಂದೇ ಹಾಕಿಸಿದೆ." ಒಂದು ಕಾಲಿಗೆ ಬೂಟು ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕ್ಕೊಂಡು ಓಡಿ ನೋಡಿ, ಗೊತ್ತಾಗತ್ತೆ. ಜೋಡಿಯಾಗಿಯೇ ಬದಲಾಯಿಸಬೇಕು.

ನನಗೆ ನಿಜವಾಗಿ ಸಿಟ್ಟು ಬರೋದು ಬೇರೆ ಕಡೆ. ಈ ಕಾರುಗಳು ನಮ್ಮವರ ಮಧ್ಯೆ ಕೈಯಿಂದ ಕೈಗೆ ದಾಟ್ತವೆ. ಕೆಲಸ ಸಿಕ್ಕಿ ಹೊಸ ಹೋಂಡಾ ತಗೊಂಡವನು ತನ್ನ ಹಳೇ ಮಾರ್ಕೀಯನ್ನ ಆಗಷ್ಟೇ ಎಫ್-1 ವೀಸಾದಲ್ಲಿ ಬಂದಿಳಿದ ಹುಡುಗನಿಗೆ ಮಾರ್ತಾನೆ. "ಆಯಿಲ್ ಹೊಸದು, ಬ್ಯಾಟರಿ ಹೊಸದು, ಟೈರ್ ಹೋದ ವರ್ಷ ಹಾಕಿಸಿದ್ದು, ಸ್ವಲ್ಪ ತೇಲತ್ತೆ ಅಷ್ಟೇ, ದೊಡ್ಡ ಕಾರಲ್ವಾ." ಆ ಹುಡುಗ ಲೈಸೆನ್ಸ್ ತಗೊಂಡು ಮೂರು ತಿಂಗಳಾಗಿರತ್ತೆ, ಬಲಗಡೆ ಓಡಿಸೋದು ಇನ್ನೂ ಕೈಗೆ ಹತ್ತಿರಲ್ಲ. ಲಾಂಗ್ ವೀಕೆಂಡ್ ಬಂತು ಅಂದ್ರೆ ಐದು ಜನ ಗೆಳೆಯರನ್ನ ತುಂಬಿಕೊಂಡು, ಡಿಕ್ಕಿಯಲ್ಲಿ ರೈಸ್ ಕುಕ್ಕರ್ ಸಮೇತ ನಯಾಗರಕ್ಕೆ ಹೊರಡ್ತಾನೆ, ಮಳೆಯಲ್ಲಿ, 70 ಮೈಲಿ ವೇಗದಲ್ಲಿ. ಹಿಂದಿನ ಶಾಕು ಸತ್ತ ಕಾರಿನ ಹಿಂದೆ ಅಷ್ಟು ಭಾರ. ಎರಡು ಸಾವಿರದ ಕಾರಿಗೆ ಮುನ್ನೂರರ ಶಾಕ್ ಯಾಕೆ ಅಂತ ಕೇಳಿದೋರು ಆ ಐದು ಜನರನ್ನ ಯಾವ ಬ್ಲೂ ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ? ಒದ್ದೆ ರಸ್ತೆಗೆ ನಿಮ್ಮ ಕಾರಿನ ಮಾರುಕಟ್ಟೆ ಬೆಲೆ ಗೊತ್ತಿರಲ್ಲ.

ಹಾಗಾಗಿ ಕನ್ನಡ ಕೂಟದ ಮೈಲ್ ಲಿಸ್ಟಿನಲ್ಲಿ ಹಳೇ ಕಾರು ಮಾರಾಟಕ್ಕಿದೆ ಅಂತ ಹಾಕೋರಿಗೆ ಒಂದು ಮಾತು. ಆಯಿಲ್, ಬ್ಯಾಟರಿ, ಟೈರು ಬರೆದ ಮೇಲೆ ಇನ್ನೊಂದು ಸಾಲು ಸೇರಿಸಿ, ಶಾಕು ಯಾವ ವರ್ಷ ಹಾಕಿದ್ದು ಅಂತ. ಕಾರ್ಖಾನೆಯಲ್ಲಿ ಹಾಕಿದ್ದೇ ಇನ್ನೂ ಇದೆ ಅಂದ್ರೆ ಅದನ್ನೂ ಬರೀರಿ, ಮುನ್ನೂರು ಡಾಲರ್ ಕಡಿಮೆ ಹೇಳಿ. ಕೊಳ್ಳೋ ಹುಡುಗರು ಕೂಡ ದರ ಚೌಕಾಸಿ ಮಾಡೋ ಮುಂಚೆ ಮೊಬೈಲಿನ ಟಾರ್ಚ್ ಹಿಡಿದು ನಾಲ್ಕೂ ಚಕ್ರದ ಹಿಂದೆ ಬಗ್ಗಿ ನೋಡಿ. ಎಣ್ಣೆ ಕಲೆ ಕಂಡರೆ ಮಾರೋನಿಗೂ ತೋರಿಸಿ.