ಅನುದಾನದ ಅರ್ಜಿ: ಪ್ರಶ್ನೆ ಒಂದು, ಕೈ ಮೂರು

ಎಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಕಾಲಿಟ್ಟ ಮಕ್ಕಳಿರುವ ಮನೆಗಳಲ್ಲಿ ಪ್ರತಿ ವರ್ಷವೂ ಕೇಳಿಬರುವ ಮಾತೊಂದಿದೆ: "ಅಪ್ಪಾ, ಪ್ರಾಜೆಕ್ಟ್‌ಗೆ ದುಡ್ಡು ಬೇಕು." ಎಷ್ಟು, ಯಾತಕ್ಕೆ ಎಂದು ಕೇಳಿದರೆ ನೇರ ಉತ್ತರ ಬರುವುದಿಲ್ಲ. ಸ್ವಲ್ಪ ಕೆದಕಿದರೆ ವಿಷಯ ಹೊರಬೀಳುತ್ತದೆ. ಪೇಟೆಯ ಯಾವುದೋ ಅಂಗಡಿಯಲ್ಲಿ ಪ್ರಾಜೆಕ್ಟನ್ನು ಸಿದ್ಧಪಡಿಸಿಯೇ ಮಾರುತ್ತಾರೆ. ವರದಿಯನ್ನೂ ಅವರೇ ಬರೆದು, ಬೈಂಡ್ ಮಾಡಿಸಿ ಕೊಡುತ್ತಾರೆ. ಹುಡುಗ ಹೆಸರು ಬರೆಸಿಕೊಂಡು ಬಂದರಾಯಿತು. ನಾಲ್ಕು ವರ್ಷ ಫೀಸು ಕಟ್ಟಿದ ತಂದೆತಾಯಿ ಕೊನೆಯಲ್ಲಿ ಮಗನ ಕಲಿಕೆಯನ್ನೇ ಬೇರೆಯವರಿಂದ ಕೊಂಡುಕೊಂಡಂತಾಯಿತು.

ಇದಕ್ಕೆ ಬೇರೆ ದಾರಿ ಇಲ್ಲವೇ? ಇದೆ, ಬಹಳ ವರ್ಷಗಳಿಂದಲೂ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1975ರಲ್ಲಿ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಹಳಬರ ಬಾಯಲ್ಲಿ ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಆಗಿರುವ ಸಂಸ್ಥೆಯ ಆವರಣದಲ್ಲೇ ಅದರ ಕಚೇರಿ. 1977-78ರಿಂದ ಈ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಧನಸಹಾಯ ನೀಡುತ್ತ ಬಂದಿದೆ. ಮಾರ್ಗದರ್ಶಕರ ಮತ್ತು ಪ್ರಾಂಶುಪಾಲರ ಮೂಲಕ ಅರ್ಜಿ ಹೋಗಬೇಕು, ತಜ್ಞರು ಓದಿ ಆರಿಸುತ್ತಾರೆ, ಆರಿಸಿದ್ದರಲ್ಲಿ ಮೇಲಾದವು ವಾರ್ಷಿಕ ಪ್ರದರ್ಶನಕ್ಕೆ ಬರುತ್ತವೆ. ಸಿಗುವ ಹಣ ಕೆಲವು ಸಾವಿರ ರೂಪಾಯಿಗಳಷ್ಟೇ. ಆದರೆ ಆ ಹಣಕ್ಕಾಗಿ ಬರೆಯಬೇಕಾದ ನಾಲ್ಕಾರು ಪುಟಗಳ ಪ್ರಸ್ತಾವನೆ ಇದೆಯಲ್ಲ, ಅದರ ಬೆಲೆ ಹಣಕ್ಕಿಂತ ಹೆಚ್ಚು. ಮುಂದೆ ನಿಮ್ಮ ಮಗಳು ವಿಜ್ಞಾನಿಯಾಗಲಿ, ಸ್ವಂತ ಉದ್ಯಮ ಹೂಡಲಿ, ಸರ್ಕಾರಿ ಅಧಿಕಾರಿಯಾಗಲಿ, ಇಂಥ ಪುಟಗಳನ್ನು ಜೀವನವಿಡೀ ಬರೆಯಬೇಕಾಗುತ್ತದೆ.

ಈ ವಾರ, ಬೇರೆ ಬೇರೆ ವಿಭಾಗದ ವಿದ್ಯಾರ್ಥಿಗಳು ಒಟ್ಟುಗೂಡಿ ಇಂಥ ಪ್ರಸ್ತಾವನೆಯನ್ನು ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ನೋಡೋಣ.

ಸೇರುವುದು ಯಾತಕ್ಕೆ?

ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ತಂಡಗಳ ಅರ್ಜಿಗಳಲ್ಲಿ ಕಾಣುವ ದೊಡ್ಡ ದೋಷವೂ ಇದೇ. ಸಿವಿಲ್‌ನವನೊಬ್ಬ, ಎಲೆಕ್ಟ್ರಾನಿಕ್ಸ್‌ನವಳೊಬ್ಬಳು, ಕೆಮಿಕಲ್‌ನವನೊಬ್ಬ ಸೇರುತ್ತಾರೆ. ಒಬ್ಬೊಬ್ಬರೂ ತಮ್ಮ ತಮ್ಮ ಪುಟ ಬರೆಯುತ್ತಾರೆ, ಮೂರನ್ನೂ ಪಿನ್ ಹೊಡೆದು ಕಳಿಸುತ್ತಾರೆ. ಓದುವ ತಜ್ಞರಿಗೆ ಅದು ಒಂದು ಪ್ರಸ್ತಾವನೆಯಾಗಿ ಕಾಣುವುದಿಲ್ಲ, ಮೂರು ಅರ್ಧಂಬರ್ಧ ಪ್ರಸ್ತಾವನೆಗಳಾಗಿ ಕಾಣುತ್ತದೆ.

ಬೇರೆ ಶಾಸ್ತ್ರದವರು ಸೇರಬೇಕಾದ್ದು ಒಂದೇ ಕಾರಣಕ್ಕೆ: ಪ್ರಶ್ನೆ ಒಬ್ಬರಿಂದ ಬಗೆಹರಿಯದಾದಾಗ. ನಮ್ಮ ನಾಡಿನಲ್ಲೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಗಳಿಗೆ ಒದಗುವ ತಂತ್ರಜ್ಞಾನವನ್ನು ರೂಪಿಸುವುದು ಅದರ ಗುರಿ. ಅದನ್ನು ಕಟ್ಟಿದ ಪ್ರೊ. ಅಮೂಲ್ಯ ರೆಡ್ಡಿಯವರು ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೆಸರಾದ ವಿದ್ವಾಂಸರು. ಈ ತಂಡ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಊರಿಗೆಲ್ಲ ಸೇರಿದ ಗೋಬರ್ ಅನಿಲ ಸ್ಥಾವರ ಹಾಕಿತು. ಮನೆಮನೆಯ ಅಡುಗೆಗೆ ಅನಿಲ ಕೊಡಬೇಕೆಂಬುದು ಮೊದಲ ಯೋಜನೆ. ಆದರೆ ಎಲ್ಲ ಮನೆಗಳ ಒಲೆ ಉರಿಸುವಷ್ಟು ಸಗಣಿ ಒದಗಲಿಲ್ಲ. ಯೋಜನೆಯನ್ನೇ ಬದಲಿಸಬೇಕಾಯಿತು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯಿಂದ ಕುಡಿಯುವ ನೀರೆತ್ತಿ ಕೊಟ್ಟರು, ಮನೆಗಳಿಗೆ ದೀಪ ಕೊಟ್ಟರು.

ಇಲ್ಲಿ ಎಷ್ಟು ಶಾಸ್ತ್ರಗಳು ಕೂಡಿವೆ ನೋಡಿ. ಅನಿಲ ಹುಟ್ಟುವುದು ಸೂಕ್ಷ್ಮಜೀವಿಗಳಿಂದ, ಎಂಜಿನ್ ಮೆಕ್ಯಾನಿಕಲ್‌ನವರದು, ವಿದ್ಯುತ್ತು ಎಲೆಕ್ಟ್ರಿಕಲ್‌ನವರದು, ದನಗಳ ಲೆಕ್ಕ ಹಳ್ಳಿಯವರದು. ಸಗಣಿಯ ಲೆಕ್ಕ ತಪ್ಪಿದರೆ ಎಷ್ಟೇ ಒಳ್ಳೆಯ ಎಂಜಿನ್ ಇದ್ದರೂ ನಿಲ್ಲುತ್ತದೆ. ಒಬ್ಬರ ಉತ್ತರ ಇನ್ನೊಬ್ಬರ ಲೆಕ್ಕಕ್ಕೆ ಬೇಕೇಬೇಕು ಎಂಬಂತಿದ್ದರೆ ಅದು ನಿಜವಾದ ಕೂಡುಕೆಲಸ.

ಒಂದು ಉದಾಹರಣೆ ಕಟ್ಟೋಣ

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಕೊಪ್ಪಳ, ಮುಂಡರಗಿ ಕಡೆಯವರಿಗೆ ಫ್ಲೋರೈಡ್ ನೀರಿನ ಕಥೆ ಹೇಳಬೇಕಾಗಿಲ್ಲ. ಕಲ್ಲುಬಂಡೆಯ ಪದರದಲ್ಲಿರುವ ಫ್ಲೋರೈಡ್ ಅಂಶ ಆಳದ ನೀರಿಗೆ ಸೇರಿಕೊಳ್ಳುತ್ತದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಲೆಗಟ್ಟುತ್ತದೆ, ಮೂಳೆ ಗಡುಸಾಗಿ ಬಾಗುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆಯ ವಿವರ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಸಂಸ್ಥೆಯ ನಿಯಮ ಹೇಳುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಈಗ ಹಳ್ಳಿಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಒಳಗೆ ಒಂದು ಪೊರೆ ನೀರನ್ನು ಸೋಸುತ್ತದೆ. ಪೊರೆ ಹಳೆಯದಾದಂತೆ ಅದರ ಶಕ್ತಿ ಕುಂದುತ್ತದೆ. ಯಾವಾಗ ಕುಂದಿತು ಎಂಬುದು ಕ್ಯಾನು ಹೊತ್ತ ತಾಯಿಗೆ ತಿಳಿಯುವುದಿಲ್ಲ, ಏಕೆಂದರೆ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

"ಫ್ಲೋರೈಡ್ ಸಮಸ್ಯೆಗೆ ಪರಿಹಾರ" ಎಂದು ತಲೆಬರಹ ಕೊಟ್ಟರೆ ಅರ್ಜಿ ಅಲ್ಲಿಗೇ ಸೋತಿತು. ಅದು ಒಂದು ವರ್ಷದಲ್ಲಿ ಮೂವರು ವಿದ್ಯಾರ್ಥಿಗಳು ಮಾಡುವ ಕೆಲಸವಲ್ಲ. ಬದಲಿಗೆ ಹೀಗೆ ಕೇಳಿ: "ಹಳ್ಳಿಯ ಘಟಕದಲ್ಲಿ ಪೊರೆ ಕೆಟ್ಟು ಫ್ಲೋರೈಡ್ ಮಿತಿ ಮೀರುವುದನ್ನು, ನೀರಿನ ವಿದ್ಯುತ್ ವಾಹಕತೆ ಅಳೆಯುವ ಅಗ್ಗದ ಸಾಧನದಿಂದ ಮುಂಚಿತವಾಗಿ ತಿಳಿಯಬಹುದೇ?"

ಇದಕ್ಕೆ ಮೂರು ಕೈ ಬೇಕು. ವಾಹಕತೆ ಹೆಚ್ಚಿದರೆ ಕೂಗುವ ಸಾಧನವನ್ನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ ಮಾಡಬಲ್ಲಳು. ಆದರೆ ಆ ಸಾಧನ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳನ್ನೂ ಒಟ್ಟಾಗಿ ಅಳೆಯುತ್ತದೆಯೇ ಹೊರತು ಫ್ಲೋರೈಡನ್ನು ಬೇರೆಯಾಗಿ ಗುರುತಿಸುವುದಿಲ್ಲ. ಅದು ಯಾವ ಅಂಕಿಯಲ್ಲಿ ಕೂಗಬೇಕು? ಅದನ್ನು ಹೇಳಬೇಕಾದವನು, ಅದೇ ನೀರಿನ ಫ್ಲೋರೈಡನ್ನು ಪ್ರಯೋಗಾಲಯದಲ್ಲಿ ಅಳೆಯುವ ಕೆಮಿಕಲ್ ವಿದ್ಯಾರ್ಥಿ. ಯಾವ ಘಟಕಗಳಿಂದ, ಯಾವ ಕೊಳವೆಬಾವಿಯ ನೀರು, ಎಷ್ಟು ದಿನಕ್ಕೊಮ್ಮೆ ತರಬೇಕು, ಘಟಕ ಹೊರಚೆಲ್ಲುವ ನೀರು ಎಲ್ಲಿ ಹರಿದುಹೋಗುತ್ತದೆ ಎಂಬ ಲೆಕ್ಕ ಸಿವಿಲ್‌ನವನದು. ಮೂವರಲ್ಲಿ ಒಬ್ಬರು ಕೈಬಿಟ್ಟರೂ ಪ್ರಶ್ನೆ ಉಳಿಯುವುದಿಲ್ಲ. ತಜ್ಞರಿಗೆ ಕಾಣಬೇಕಾದ್ದು ಇದೇ.

ಬರೆಯುವ ಕ್ರಮ

ಹಿನ್ನೆಲೆ, ಉದ್ದೇಶ, ವಿಧಾನ, ನಿರೀಕ್ಷಿತ ಫಲ, ಖರ್ಚು: ಬಹುತೇಕ ನಮೂನೆಗಳಲ್ಲಿ ಈ ಐದು ಭಾಗಗಳು ಇರುತ್ತವೆ. ಒಂದೊಂದಾಗಿ ನೋಡೋಣ.

ಹಿನ್ನೆಲೆಯಲ್ಲಿ ವಿಶ್ವದ ನೀರಿನ ಸಮಸ್ಯೆಯಿಂದ ಆರಂಭಿಸಬೇಡಿ. ನಿಮ್ಮ ತಾಲ್ಲೂಕಿನಿಂದ ಆರಂಭಿಸಿ. ಮೊದಲು ಯಾರು ಏನು ಮಾಡಿದ್ದಾರೆ ಎಂಬುದನ್ನು ಹೇಳಲೇಬೇಕು. ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ತೆಗೆಯುವ 'ನಲ್ಗೊಂಡ ವಿಧಾನ'ವನ್ನು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಎಂದೋ ರೂಪಿಸಿದೆ. ಅದನ್ನು ಓದದೆ ಬರೆದ ಅರ್ಜಿ ತಜ್ಞರ ಕಣ್ಣಿಗೆ ಕೂಡಲೇ ಬೀಳುತ್ತದೆ.

ಉದ್ದೇಶಗಳು ಮೂರಕ್ಕಿಂತ ಹೆಚ್ಚು ಬೇಡ. "ಅಧ್ಯಯನ ಮಾಡುವುದು" ಎಂದು ಬರೆಯಬೇಡಿ. ವರ್ಷದ ಕೊನೆಗೆ ಆಯಿತೋ ಇಲ್ಲವೋ ಎಂದು ಯಾರಾದರೂ ನೋಡಿ ಹೇಳುವಂತಿರಬೇಕು. "ಆರು ಘಟಕಗಳ ನೀರನ್ನು ಹದಿನೈದು ದಿನಕ್ಕೊಮ್ಮೆ ಅಳೆಯುವುದು" ಎಂಬುದು ಉದ್ದೇಶ.

ವಿಧಾನ ಬರೆಯುವಾಗ ಯಾರ ಕೆಲಸ ಯಾವ ತಿಂಗಳು ಮುಗಿದು ಯಾರ ಕೈಗೆ ಹೋಗುತ್ತದೆ ಎಂಬ ಪಟ್ಟಿ ಹಾಕಿ. ಪರೀಕ್ಷೆಯ ವಾರಗಳನ್ನೂ ಹಬ್ಬದ ರಜೆಯನ್ನೂ ಬಿಟ್ಟು ಲೆಕ್ಕ ಮಾಡಿ. ಗ್ರಾಮ ಪಂಚಾಯಿತಿಯ ಒಪ್ಪಿಗೆ ಪತ್ರವನ್ನು ಮುಂಚೆಯೇ ಪಡೆದು ಲಗತ್ತಿಸಿ. ಘಟಕ ನೋಡಿಕೊಳ್ಳುವವರ ಹತ್ತಿರ ಹೋಗಿ, "ಅಣ್ಣಾ, ಇದು ಕೂಗಿದರೆ ನೀವು ಏನು ಮಾಡ್ತೀರಿ?" ಎಂದು ಕೇಳಿ ಬನ್ನಿ. ದುರಸ್ತಿಗೆ ಯಾರಿಗೆ ಹೇಳಬೇಕೆಂದು ಅವರಿಗೇ ತಿಳಿಯದಿದ್ದರೆ ನಿಮ್ಮ ಸಾಧನದಿಂದ ಪ್ರಯೋಜನವಿಲ್ಲ. ಆ ಮಾತು ಅರ್ಜಿಯಲ್ಲಿ ಬಂದರೆ ನೀವು ಊರಿಗೆ ಹೋಗಿದ್ದೀರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಎಲ್ಲರೂ ಹೆದರುವ ಭಾಗ: "ಆಗದಿದ್ದರೆ?" ವಾಹಕತೆಗೂ ಫ್ಲೋರೈಡಿಗೂ ಹೊಂದಾಣಿಕೆಯೇ ಸಿಗದೆ ಹೋಗಬಹುದು. ಇದನ್ನು ಮುಚ್ಚಿಡಬೇಡಿ. "ಹೊಂದಾಣಿಕೆ ಇಲ್ಲವೆಂದು ಕಂಡರೆ, ಅಗ್ಗದ ವಾಹಕತೆ ಮೀಟರನ್ನು ನಂಬಿ ನೀರು ಸುರಕ್ಷಿತ ಎನ್ನುವಂತಿಲ್ಲ ಎಂಬುದೇ ನಮ್ಮ ಫಲಿತಾಂಶ" ಎಂದು ಬರೆಯಿರಿ. ಹಳ್ಳಿಯವರಿಗೆ ಅದೂ ಬೇಕಾದ ತಿಳಿವಳಿಕೆ. ಯಾವ ಉತ್ತರ ಬಂದರೂ ಉಪಯೋಗವಿದೆ ಎನ್ನುವಂಥ ಪ್ರಶ್ನೆಗೆ ಹಣ ಕೊಡಲು ಯಾರೂ ಹಿಂಜರಿಯುವುದಿಲ್ಲ.

ಖರ್ಚಿನ ವಿಷಯದಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚಿ. ಕಾಲೇಜಿನಲ್ಲಿರುವ ಉಪಕರಣವನ್ನು ಮತ್ತೆ ಕೊಳ್ಳುವ ಪಟ್ಟಿಗೆ ಹಾಕಬೇಡಿ, ಲ್ಯಾಪ್‌ಟಾಪ್ ಕೇಳಬೇಡಿ. ಬಸ್ ಚಾರ್ಜು, ನೀರು ತರುವ ಬಾಟಲಿ, ರಾಸಾಯನಿಕಗಳು, ಸರ್ಕ್ಯೂಟಿನ ಬಿಡಿಭಾಗಗಳು, ಎಲ್ಲವನ್ನೂ ಅಂಗಡಿಯಲ್ಲಿ ವಿಚಾರಿಸಿದ ದರದಲ್ಲಿ ಬರೆಯಿರಿ. ಪ್ರತಿ ಸಾಲಿನ ಖರ್ಚೂ ವಿಧಾನದ ಯಾವುದೋ ಒಂದು ಸಾಲಿಗೆ ಹೊಂದಬೇಕು. ಬೇರೆ ವಿಭಾಗದವರು ತಂಡದಲ್ಲಿ ಸೇರಬಹುದೇ, ಯಾವ ಖರ್ಚಿಗೆ ಹಣ ಸಿಗುವುದಿಲ್ಲ, ಕೊನೆಯ ದಿನಾಂಕ ಯಾವುದು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ತಪ್ಪದೆ ನೋಡಿಕೊಳ್ಳಿ.

ತಂಡದೊಳಗಿನ ಮಾತು

ಕೆಲಸ ಕೆಡುವುದು ಹೆಚ್ಚಾಗಿ ಪ್ರಯೋಗಾಲಯದಲ್ಲಲ್ಲ, ಕ್ಯಾಂಟೀನಿನಲ್ಲಿ. "ನಾನೇ ಎಲ್ಲ ಮಾಡಿದೆ, ಅವನ ಹೆಸರು ಮೊದಲು ಬಂತು" ಎಂಬ ಜಗಳ ಸ್ನೇಹವನ್ನೂ ಪ್ರಾಜೆಕ್ಟನ್ನೂ ಒಟ್ಟಿಗೆ ಮುರಿಯುತ್ತದೆ. ಅರ್ಜಿ ಕಳಿಸುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾರು ಯಾವುದಕ್ಕೆ ಹೊಣೆ, ಲೆಕ್ಕ ಯಾರ ಹತ್ತಿರ, ಹೆಸರುಗಳ ಕ್ರಮ ಹೇಗೆ. ಎಲ್ಲರೂ ಒಂದೇ ನೋಟುಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಿರಿ. ಇಡೀ ಪ್ರಸ್ತಾವನೆಯನ್ನು ಒಬ್ಬರೇ ಕೊನೆಗೆ ತಿರುಗಿ ಬರೆಯಲಿ, ಆಗ ಭಾಷೆ ಒಂದಾಗುತ್ತದೆ. ಎಲೆಕ್ಟ್ರಾನಿಕ್ಸ್ ಭಾಗವನ್ನು ಸಿವಿಲ್‌ನವನು ಓದಿ ವಿವರಿಸಬಲ್ಲನೇ ನೋಡಿ. ಓದುವ ತಜ್ಞರಲ್ಲೂ ಎಲ್ಲರೂ ನಿಮ್ಮ ಶಾಸ್ತ್ರದವರಾಗಿರುವುದಿಲ್ಲ.

ಈ ನಿಯಮಗಳು ಕಾಲೇಜು ಹುಡುಗರಿಗೆ ಮಾತ್ರ ಎಂದುಕೊಳ್ಳಬೇಡಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಕಚೇರಿ ಇರುವ, 1989ರಲ್ಲಿ ಸ್ಥಾಪನೆಯಾದ ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ ಜೀವವಿಜ್ಞಾನದ ದೊಡ್ಡ ಪ್ರಶ್ನೆಗಳಿಗೆ ಹಣ ಕೊಡುತ್ತದೆ. ಬೇರೆ ಬೇರೆ ದೇಶಗಳ, ಬೇರೆ ಬೇರೆ ಶಾಸ್ತ್ರಗಳ ವಿಜ್ಞಾನಿಗಳು ಹೊಸದಾಗಿ ಕೂಡಿ ಅರ್ಜಿ ಹಾಕಬೇಕು. ಮೊದಲು ಚಿಕ್ಕದೊಂದು ಪತ್ರ, ಅದು ಮೆಚ್ಚುಗೆಯಾದರೆ ಮಾತ್ರ ಪೂರ್ಣ ಪ್ರಸ್ತಾವನೆ. ಅವರೂ ಕೇಳುವುದು ಇದನ್ನೇ: ಈ ಕೆಲಸಕ್ಕೆ ಇವರೆಲ್ಲರೂ ಏಕೆ ಬೇಕು? ನಮ್ಮ ದೇಶದಲ್ಲಿ 2008ರ ಕಾಯಿದೆಯಡಿ ಬಂದಿದ್ದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ ಜಾಗದಲ್ಲಿ ಈಗ, 2023ರ ಕಾಯಿದೆಯಂತೆ, ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್ ಇದೆ. ಮುಂದೆ ಅಧ್ಯಾಪಕರಾಗುವವರು, ಸಂಶೋಧಕರಾಗುವವರು ಅರ್ಜಿ ಹಿಡಿದು ಹೋಗಬೇಕಾದ ಬಾಗಿಲು ಅದು.

ತಂದೆತಾಯಂದಿರಿಗೆ

ನೀವು ವಿಜ್ಞಾನ ಓದಿಲ್ಲವೆಂದು ಹಿಂದೆ ಸರಿಯಬೇಡಿ. ಅರ್ಜಿಯ ಮೊದಲ ಪುಟವನ್ನು ಕನ್ನಡದಲ್ಲಿ ಹೇಳು ಎಂದು ಮಗಳನ್ನು ಕೇಳಿ. ಅಡುಗೆಮನೆಯಲ್ಲಿ ನಿಂತು ಅವಳು ಹೇಳಿದ್ದು ನಿಮಗೆ ಅರ್ಥವಾದರೆ ಅವಳಿಗೂ ಅರ್ಥವಾಗಿದೆ ಎಂದು ತಿಳಿಯಿರಿ. ಅರ್ಥವಾಗದಿದ್ದರೆ ಸಂಕೋಚಪಡದೆ ಹೇಳಿ. ತಜ್ಞರ ಕೈಗೆ ಹೋಗುವ ಮುಂಚೆ ತಿದ್ದಿಕೊಳ್ಳಲು ಇನ್ನೂ ಹೊತ್ತಿರುತ್ತದೆ.

ಇದು ಸ್ಪರ್ಧೆ. ಬಂದ ಅರ್ಜಿಗಳಿಗೆಲ್ಲ ಹಣ ಸಿಗುವುದಿಲ್ಲ. ಅನುದಾನ ಬರಲಿಲ್ಲವೆಂದರೆ "ನಿನ್ನ ಕೈಲಿ ಏನಾಗುತ್ತೆ" ಎನ್ನಬೇಡಿ. ಆ ಒಂದು ಮಾತಿಗೇ ಎಷ್ಟೋ ಮಕ್ಕಳು ಸಿದ್ಧ ಪ್ರಾಜೆಕ್ಟಿನ ಅಂಗಡಿ ಹುಡುಕಿಕೊಂಡು ಹೋಗುತ್ತಾರೆ. ಪ್ರಶ್ನೆ ಗಟ್ಟಿಯಾಗಿದ್ದರೆ ಆರು ಘಟಕಗಳ ಬದಲು ಎರಡನ್ನೇ ಅಳೆಯಬಹುದು, ಕಾಲೇಜಿನ ಪ್ರಯೋಗಾಲಯವನ್ನೇ ನೆಚ್ಚಿಕೊಳ್ಳಬಹುದು. ಬಸ್ ಚಾರ್ಜು ನೀವು ಕೊಡಿ. ಅಂಗಡಿಯ ಪ್ರಾಜೆಕ್ಟಿಗೆ ತೆರುವ ಹಣಕ್ಕಿಂತ ಅದು ಕಡಿಮೆಯೇ ಆದೀತು, ಮತ್ತು ಸಂದರ್ಶನದಲ್ಲಿ "ಇದರಲ್ಲಿ ನೀನು ಮಾಡಿದ್ದೇನು?" ಎಂದು ಯಾರಾದರೂ ಕೇಳಿದಾಗ ನಿಮ್ಮ ಮಗನ ಬಳಿ ಉತ್ತರವಿರುತ್ತದೆ.