ಕಟಕೋಳದ ತೊಗರಿ, ಮೊಜಾಂಬಿಕ್‌ನ ತೊಗರಿ

ನಮ್ಮ ಕಟಕೋಳದ ಕಡೆ ತೊಗರಿ ರೇಟು ಬಿದ್ದರೆ ಎಲ್ಲರೂ ಮೊದಲು ಬೈಯೋದು ಹೊರದೇಶದ ತೊಗರಿಗೆ. ನಾನೂ ಬೈದವನೇ. ಆದರೆ ಆ ಕಡೆಯ ರೈತನ ಪಾಡೂ ಕೇಳಿ.

2016ರ ಜುಲೈನಲ್ಲಿ ಮೋದಿ ಮೊಜಾಂಬಿಕ್‌ಗೆ ಹೋದಾಗ ತೊಗರಿ ಕೊಳ್ಳುವ ಒಪ್ಪಂದವಾಯಿತು: ಮೊದಲ ವರ್ಷ 1 ಲಕ್ಷ ಟನ್, 2020-21ಕ್ಕೆ 2 ಲಕ್ಷ ಟನ್. ಅಷ್ಟರಲ್ಲಿ ಇಲ್ಲೂ ಬಂಪರ್ ಬೆಳೆ ಬಂತು, ರೇಟು ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2017ರ ಆಗಸ್ಟ್‌ನಲ್ಲಿ ದಿಲ್ಲಿ ಆಮದಿಗೆ ಮಿತಿ ಹಾಕಿತು. ಒಪ್ಪಂದಕ್ಕೆ ವಿನಾಯಿತಿ ಇತ್ತು, ಆದರೂ ಅಲ್ಲಿಯ ರೈತನಿಗೆ ಬೆಲೆ ಕುಸಿಯಿತು. 2021ರ ಮೇನಲ್ಲಿ ಮತ್ತೆ ಬಾಗಿಲು ತೆರೆಯಿತು. ಆಗ ಚಿಂತೆ ಇಲ್ಲಿಯವನದು!

ಬಡದೇಶಗಳಿಗೆ ನಾವು ಅಣ್ಣ ಅಂತೀವಿ. ಅಣ್ಣನಾದವನು ಎಷ್ಟು ಕೊಳ್ತೀನಂತ ಬಿತ್ತನೆಗೆ ಮುಂಚೆಯೇ ಹೇಳಿ ಆ ಮಾತಿಗೆ ನಿಲ್ಲಬೇಕು. ಆಗ ಕಟಕೋಳದವನೂ ಲೆಕ್ಕ ಹಾಕಿ ಬಿತ್ತುತ್ತಾನೆ. ಏನಂತೀರಿ?