ಕಣ್ಣು ಕಂಡದ್ದನ್ನು ಕೈ ಬರೆಯಲಿ

ವಿಜ್ಞಾನವು ಪರೀಕ್ಷೆಗೆ, ಪ್ರಬಂಧರಚನೆಯು ಕನ್ನಡದ ತರಗತಿಗೆ, ಹೊಲವು ರಜೆಯ ದಿನಗಳಿಗೆ ಎಂದು ಹಂಚಿಡುವ ಪದ್ಧತಿಯು ಬಹುಕಾಲದಿಂದ ನಡೆದು ಬಂದಿರುತ್ತದೆ. ಈ ಮೂರನ್ನೂ ಒಂದುಗೂಡಿಸಿದ ಹೊರತು ಬಾಲಿಕೆಯರಿಗೆ ವಿಜ್ಞಾನವು ಸ್ವಂತ ವಿದ್ಯೆಯಾಗಲಾರದೆಂಬುದು ನಮ್ಮ ಅಭಿಪ್ರಾಯ.

ತಾಯಿತಂದೆಗಳ ಆಕ್ಷೇಪಣೆಯನ್ನು ನಾವು ಹಗುರಾಗಿ ಎಣಿಸುವುದಿಲ್ಲ. “ಹೊಲದ ದುಡಿತ ತಪ್ಪಲೆಂದು ಮಗಳನ್ನು ಶಾಲೆಗೆ ಕಳುಹಿದೆವು, ನೀವು ತಿರುಗಿ ಹೊಲಕ್ಕೇ ಕರೆದೊಯ್ಯುವಿರಲ್ಲಾ?” ಎಂದು ಅವರು ಕೇಳುತ್ತಾರೆ. 2011ರ ಜನಗಣತಿಯಲ್ಲಿ ರಾಜ್ಯದ ಅತಿ ಕಡಿಮೆ ಸಾಕ್ಷರತೆಯು ಯಾದಗಿರಿ ಜಿಲ್ಲೆಯದೇ ಆಗಿದ್ದಿತು. ಇಂಥಲ್ಲಿ ಮಗಳ ಒಂದು ಗಳಿಗೆಯೂ ವ್ಯರ್ಥವಾಗಬಾರದೆಂಬ ಕಳವಳ ನ್ಯಾಯವಾದುದೇ. ಆದರೆ ಕಳೆ ಕೀಳಲು ಹೋಗುವುದು ಬೇರೆ, ನೋಟುಪುಸ್ತಕ ಹಿಡಿದು ಹೋಗುವುದು ಬೇರೆ.

ಬಳಿಚಕ್ರದ ಸೀಮೆಯ ತೊಗರಿಯನ್ನೇ ನೋಡಿರಿ. ತೊಗರಿ ಬೆಳೆದ ನೆಲದಲ್ಲಿ ಮುಂದಿನ ಜೋಳ ಚೆನ್ನಾಗಿ ಬರುವುದೆಂದು ನಮ್ಮ ಅಜ್ಜಿಯರು ಬಲ್ಲರು. ಏಕೆಂಬುದನ್ನು ಗಿಡದ ಬೇರು ಹೇಳುತ್ತದೆ. ಬೇರನ್ನು ಮೆಲ್ಲನೆ ಅಗೆದು ತೊಳೆದರೆ ಸಣ್ಣ ಗಂಟುಗಳು ಕಾಣುವುವು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ತೆಳುಗೆಂಪು. ಅದರಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡದ ಆಹಾರವಾಗಿ ಮಾರ್ಪಡಿಸುವುವು. ಹಾಲೆಂಡಿನ ಬೈಯೆರಿಂಕ್ ಎಂಬ ವಿದ್ವಾಂಸರು 1888ರಲ್ಲಿ ಇವನ್ನು ಬೇರ್ಪಡಿಸಿ ತೋರಿಸಿದರು. ಆ ಕೆಂಪು ವಸ್ತುವಾದರೋ ನಮ್ಮ ರಕ್ತದ ಕೆಂಪಿಗೆ ಸಂಬಂಧಿಕ. ಇದನ್ನು ಕಣ್ಣಾರೆ ಕಂಡ ಹುಡುಗಿಗೆ ಬರೆಯಲು ವಿಷಯ ಸಾಲದೆ ಹೋದೀತೇ? ಅಜ್ಜಿಯ ಅನುಭವವೂ ಪುಸ್ತಕದ ಪಾಠವೂ ಅವಳ ಪುಟದಲ್ಲಿ ಮೊದಲ ಬಾರಿಗೆ ಒಂದಾಗುವುವು.

ಹೊರಸಂಚಾರಕ್ಕೆ ನಾವು ಮೂರು ನಿಯಮಗಳನ್ನು ಇಟ್ಟಿರುತ್ತೇವೆ. ತಾರೀಖು, ಸ್ಥಳ, ವೇಳೆಗಳೊಡನೆ ಕಂಡದ್ದನ್ನು ಮೊದಲು ಬರೆಯಬೇಕು. ತಿಳಿಯದುದನ್ನು ಪ್ರಶ್ನೆಯಾಗಿ ಬರೆದಿಡಬೇಕು. ಆ ಬಳಿಕ ಕಥೆಯನ್ನೋ ಪದ್ಯವನ್ನೋ ಮನಬಂದಂತೆ ರಚಿಸಬಹುದು. ಆದರೆ ಕಂಡ ಸಂಗತಿಗೆ ವಿರೋಧವಾಗಿ ಬರೆಯಕೂಡದು. “ತಾಯಿ ಗೀಜಗವು ಮರಿಗಳಿಗಾಗಿ ಗೂಡು ಹೆಣೆಯಿತು” ಎಂಬುದು ಮಕ್ಕಳ ಲೇಖನಿಗೆ ಸುಲಭವಾಗಿ ಬರುವ ಮಾತು. ಮಳೆಗಾಲದಲ್ಲಿ ಗಿಡದ ಕೆಳಗೆ ನಿಂತು ನೋಡಿದರೆ, ಹಳದಿ ತಲೆಯ ಗಂಡೇ ಹೆಣೆಯುತ್ತಿರುತ್ತದೆ; ಹೆಣ್ಣು ಅರ್ಧಗೂಡನ್ನು ಪರೀಕ್ಷಿಸಿ ಒಪ್ಪಿದ ಮೇಲೆ ಗಂಡು ಅದನ್ನು ಮುಗಿಸುತ್ತದೆ. ಕಲ್ಪನೆಗಿಂತ ಸತ್ಯವೇ ಇಲ್ಲಿ ಹೆಚ್ಚು ರಸವತ್ತಾದುದಲ್ಲವೇ?

ಇದು ಹೊಸ ಮಾರ್ಗವೂ ಅಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು “ಹಸುರು ಹೊನ್ನು” ಎಂಬ ಗ್ರಂಥವಾಗಿ ಬರೆದರು. ಶಾಸ್ತ್ರವೂ ವಿನೋದವೂ ಕೂಡಿದ ಆ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಬಾಯಿಪಾಠದ ಉತ್ತರವು ಪರೀಕ್ಷೆ ಮುಗಿದೊಡನೆ ಮರೆತುಹೋಗುವುದು. ನೋಡಿ, ಸಂದೇಹಪಟ್ಟು, ತನ್ನ ಮಾತಿನಲ್ಲಿ ಬರೆದವಳು ಮುಂದೆ ಔಷಧದ ಚೀಟಿಯನ್ನಾಗಲಿ ಜಾಹೀರಾತನ್ನಾಗಲಿ ಕಣ್ಣುಮುಚ್ಚಿ ನಂಬಲಾರಳು. ಆದುದರಿಂದ ಪೋಷಕರು ಹೊರಸಂಚಾರದ ದಿನ ಮಕ್ಕಳನ್ನು ತಪ್ಪದೆ ಕಳುಹಿಸಬೇಕೆಂದೂ, ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಮನೆಗಳಲ್ಲಿ ಮಕ್ಕಳ ಕೈಗೆ ಒಂದೊಂದು ಬರಿಯ ನೋಟುಪುಸ್ತಕವನ್ನು ಕೊಡಬೇಕೆಂದೂ ನಮ್ಮ ವಿನಂತಿ.